ಕೊತ್ತಿಗೊಂದು ಹಿತ್ತಿಲು

ಕಣಜ ಹೋಯಿತು, ಹಿತ್ತಿಲು ಹೋಯಿತು, ರಸ್ತೆ ಮಾತ್ರ ಮನೆ ಬಾಗಿಲಿಗೇ ಬಂತು. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಸಾಕುಬೆಕ್ಕಿಗೆ ಈಗ ಬೇಕಿರುವುದು ಗಾಳಿ, ಬಿಸಿಲು, ಭದ್ರವಾದ ಚಿಲಕ ಮೂರೂ ಇರುವ ಪುಟ್ಟ ಜಾಗ.

ತಿಥಿ ದಿನ ಬೆಕ್ಕು ಮುಚ್ಚಿಟ್ಟವನ ಕತೆ ಎಲ್ಲರೂ ಕೇಳಿದ್ದೇ. ಎಡೆಗೆ ಬಾಯಿ ಹಾಕೀತೆಂದು ಅಪ್ಪ ಮನೆಯ ಬೆಕ್ಕನ್ನು ಮಂಕರಿ ಕೆಳಗೆ ಮುಚ್ಚುತ್ತಿದ್ದ. ಅಪ್ಪ ಸತ್ತ ಮೇಲೆ ಮಗನ ಸರದಿ ಬಂತು. ಮನೆಯಲ್ಲಿ ಬೆಕ್ಕಿರಲಿಲ್ಲ. ಆದರೂ ಶಾಸ್ತ್ರ ತಪ್ಪಬಾರದೆಂದು ಊರೆಲ್ಲ ಅಲೆದು ಒಂದು ಬೆಕ್ಕು ಹಿಡಿದು ತಂದು, ಮಂಕರಿ ಮುಚ್ಚಿ, ಆಮೇಲೆ ಎಡೆ ಇಟ್ಟ. ಕಣ್ಣು ಮುಚ್ಚಿಕೊಂಡು ಆಚಾರ ಮಾಡುವವರನ್ನು ಗೇಲಿ ಮಾಡಲು ಹೇಳುವ ಕತೆ ಇದು. ನನಗೆ ಮಾತ್ರ ಇದನ್ನು ಕೇಳಿದಾಗಲೆಲ್ಲ ಮಂಕರಿಯೊಳಗಿನ ಆ ಎರವಲು ಬೆಕ್ಕಿನ ಪಾಡೇ ನೆನಪಾಗುತ್ತದೆ. ಯಾರ ಮನೆಯದೋ, ಯಾರ ತಿಥಿಗೋ!

ಮದ್ದೂರು ಸೀಮೆಯ ನಮ್ಮ ಅಜ್ಜಿಯ ಮನೆಯಲ್ಲೂ ಮಂಕರಿ ಇತ್ತು. ಅದು ಕೋಳಿಗೆ. ಹೊತ್ತು ಮುಳುಗುವ ಮುಂಚೆ ಅಜ್ಜಿ ಹಸು ಬಂತಾ, ಮೇಕೆ ಬಂತಾ, ಕೋಳಿ ಬಂತಾ ಎಂದು ಒಂದೊಂದನ್ನೇ ಎಣಿಸುತ್ತಿದ್ದಳು. ಕೊನೆಗೆ ಹೇಟೆಯನ್ನೂ ಅದರ ಮರಿಗಳನ್ನೂ ಸೇರಿಸಿ ಮಂಕರಿ ಕವುಚಿ, ಮೇಲೊಂದು ಗುಂಡುಕಲ್ಲು ಹೇರುತ್ತಿದ್ದಳು. ಆ ಕಲ್ಲು ಕೊತ್ತಿಗೆ ಹೆದರಿ. ನಮ್ಮ ಕಡೆ ಹಳ್ಳಿಗಳಲ್ಲಿ ಬೆಕ್ಕಿಗೆ ಕೊತ್ತಿ ಅಂತಲೇ ಹೆಸರು. ಕೋಳಿಮರಿ ಒಳಗೆ, ಕೊತ್ತಿ ಹೊರಗೆ. ಅಂದಿನ ಲೆಕ್ಕ ಅದು. ಮಂಡ್ಯದ ನಮ್ಮ ಮನೆಯಲ್ಲಿ ಈಗ ಲೆಕ್ಕ ತಿರುಗಿಬಿದ್ದಿದೆ. ಅಡುಗೆಮನೆ ಕಿಟಕಿಗೆ ತಾಗಿಕೊಂಡು ಹತ್ತಡಿ ಉದ್ದದ ಜಾಲರಿ ಮನೆ, ಅದರೊಳಗೆ ಕೊತ್ತಿ. ಹೊರಗಿನಿಂದ ಕತ್ತು ಓರೆ ಮಾಡಿ ನೋಡುವುದು ಪಕ್ಕದ ಮನೆಯ ಕೋಳಿ.

ಇಂಥದ್ದನ್ನು ಅಮೆರಿಕದವರು ‘ಕ್ಯಾಟಿಯೊ’ ಎಂದು ಕರೆಯುತ್ತಾರೆ. ಕ್ಯಾಟ್, ಪ್ಯಾಟಿಯೊ ಎರಡನ್ನೂ ಕೂಡಿಸಿ ಮಾಡಿದ ಪದ. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ 2013ರಲ್ಲಿ, ಇವನ್ನು ನೋಡಲೆಂದೇ ಮನೆಯಿಂದ ಮನೆಗೆ ಹೋಗುವ ಸುತ್ತಾಟವೊಂದು ಶುರುವಾಯಿತು. ಹಕ್ಕಿ ಕಾಯುವ ಸಂಘದವರೂ ಬೆಕ್ಕು ಕಾಯುವ ಸಂಘದವರೂ ಒಟ್ಟಿಗೆ ಕೂತು ಅದನ್ನು ಶುರು ಮಾಡಿದರು ಅನ್ನುವುದೇ ಅದರ ಸ್ವಾರಸ್ಯ. ನಮಗೆ ಹೊಸ ಹೆಸರೇನೂ ಬೇಡ. ಹಿತ್ತಿಲು ಅಂದರೆ ಸಾಕು.

ಕೆಲಸ ಹೋದ ಕೊತ್ತಿ

ಬೆಕ್ಕು ಮನುಷ್ಯನ ಹತ್ತಿರ ಬಂದದ್ದು ಕಾಳಿಗೆ ಮುತ್ತಿದ ಇಲಿಯ ಆಸೆಗೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಮಗ್ಗುಲಲ್ಲೇ ಬೆಕ್ಕಿನ ಅಸ್ಥಿಯೂ ಸಿಕ್ಕಿದೆ. ನಂಟು ಅಷ್ಟು ಹಳೆಯದು.

ಮಂಡ್ಯದಲ್ಲಿ ಕೊತ್ತಿಗೆ ಕೆಲಸ ಹೆಚ್ಚಿಸಿದ್ದು ನಾಲೆ ನೀರು. 1930ರ ದಶಕದಲ್ಲಿ ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಹರಿದು ಬಂದ ಮೇಲೆ ರಾಗಿ ಹೊಲಗಳು ಗದ್ದೆಗಳಾದವು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾಯಿತು. ಭತ್ತವೂ ಕಬ್ಬೂ ಇಲಿಗೆ ಹಬ್ಬದೂಟ. ಮನೆಯಲ್ಲಿ ಕಣಜ, ಅಟ್ಟದ ಮೇಲೆ ಮೂಟೆ, ಆಲೆಮನೆಯಲ್ಲಿ ಬೆಲ್ಲ. ಮದ್ದೂರು, ಮಳವಳ್ಳಿ ಕಡೆ ಇದರ ಜೊತೆಗೆ ರೇಷ್ಮೆ ಹುಳುಮನೆ. ಹಣ್ಣಾದ ಹುಳುವಿನ ತಟ್ಟೆಗೆ ಒಂದು ರಾತ್ರಿ ಇಲಿ ನುಗ್ಗಿದರೆ ತಿಂಗಳ ದುಡಿಮೆ ಮಣ್ಣುಪಾಲು. ಹಾಗಾಗಿ ಕೊತ್ತಿಗೆ ಸಂಬಳವಿಲ್ಲದ ಕಾಯಂ ನೌಕರಿ. ಚಿಪ್ಪಿನಲ್ಲಿ ಒಂದಿಷ್ಟು ಹಾಲನ್ನ ಹಾಕಿದರೆ ಮಿಕ್ಕದ್ದನ್ನು ಅದೇ ನೋಡಿಕೊಳ್ಳುತ್ತಿತ್ತು.

ಮನೆಯೂ ಅದಕ್ಕೆ ತಕ್ಕ ಹಾಗೆ ಇತ್ತು. ತೊಟ್ಟಿಮನೆ ನೋಡಿದವರಿಗೆ ನೆನಪಿರುತ್ತದೆ: ನಡುವೆ ಆಕಾಶ ಕಾಣುವ ತೊಟ್ಟಿ, ಸುತ್ತ ಜಗಲಿ, ಕಳ್ಳರಿಗೂ ಕೋತಿಗಳಿಗೂ ಹೆದರಿ ಮೇಲೆ ಹಾಸಿದ ಕಬ್ಬಿಣದ ಸರಳು. ಬಿಸಿಲು ಕಾಯಿಸಲು ತೊಟ್ಟಿ, ನೆರಳಿಗೆ ಜಗಲಿ, ಮೇಲೆ ಕೂತು ಎಲ್ಲರನ್ನೂ ನೋಡಲು ಅಟ್ಟ. ಇವತ್ತು ದುಡ್ಡು ಸುರಿದು ಕಟ್ಟಿಸುವ ಕ್ಯಾಟಿಯೊದಲ್ಲಿ ಇರುವುದೂ ಈ ಮೂರೇ.

ಈಗ ಭತ್ತ ಗದ್ದೆಯಿಂದಲೇ ಮಿಲ್ಲಿಗೆ ಹೋಗುತ್ತದೆ, ಅಕ್ಕಿ ಅಂಗಡಿಯಿಂದ ಚೀಲದಲ್ಲಿ ಬರುತ್ತದೆ. ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ; ಮುಂದೆ ಸ್ಕೂಟರ್ ನಿಲ್ಲಿಸುವಷ್ಟು ಜಾಗ, ಹಿಂದೆ ಒಗೆಯುವ ಕಲ್ಲು. ಕೊತ್ತಿಗೆ ಕೆಲಸವಿಲ್ಲ. ಮಕ್ಕಳ ಹಟಕ್ಕೆ ಮನೆಗೆ ಬಂದಿದೆ, ಅಷ್ಟೆ. ಆದರೆ ಸಂಜೆಯಾದರೆ ಬೇಟೆಗೆ ಹೊರಡುವ ಹುಟ್ಟುಗುಣ ಎಲ್ಲಿಗೆ ಹೋದೀತು?

ಹೊಸಿಲು ದಾಟಿದರೆ

ಎರಡು ವರ್ಷದ ಹಿಂದೆ ನಮ್ಮಲ್ಲಿ ಒಂದು ಬೂದು ಕೊತ್ತಿ ಇತ್ತು. ಒಂದು ಸಂಜೆ ಹೋದದ್ದು ಎರಡು ದಿನ ಬರಲಿಲ್ಲ. ಮೂರನೆಯ ಬೆಳಿಗ್ಗೆ ನೋಡಿದರೆ ಒಗೆಯುವ ಕಲ್ಲಿನ ಕೆಳಗೆ ಮುದುಡಿ ಮಲಗಿತ್ತು. ಬಾಯಿ ಬಿಡಿಸಿದೆ, ವಸಡು ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಮೂಗಿನ ತುದಿಯಲ್ಲಿ ಒಂದು ಹನಿ ರಕ್ತ. “ಪಾಷಾಣ ತಿಂದ ಇಲಿ ತಿಂದಿದೆ, ತುಂಬಾ ತಡವಾಗಿದೆ” ಎಂದರು ಡಾಕ್ಟರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು. ಊರಿನ ತೋಟಕ್ಕೆ ಒಯ್ದು ತೆಂಗಿನ ಬುಡದಲ್ಲಿ ಹೂತು ಬಂದೆವು.

ಆಮೇಲೆ ತಿಳಿದುಕೊಂಡೆ. ಅಂಗಡಿಯಲ್ಲಿ ಬಿಲ್ಲೆಯಾಗಿ ಸಿಗುವ ಇಲಿ ಮದ್ದುಗಳಲ್ಲಿ ಬಹುಪಾಲು, ರಕ್ತ ಹೆಪ್ಪುಗಟ್ಟದಂತೆ ಮಾಡುವಂಥವು. ಇಲಿ ಕೂಡಲೇ ಸಾಯುವುದಿಲ್ಲ. ನಾಲ್ಕಾರು ದಿನ ತೂಕಡಿಸುತ್ತಾ ಓಡಾಡುತ್ತದೆ. ಓಡಲಾರದ ಇಲಿ ಕೊತ್ತಿಗೆ ಸಲೀಸು ತುತ್ತು. ವಿಷ ಹಾಗೆ ಒಂದು ಹೊಟ್ಟೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಇದಕ್ಕೆ ಮದ್ದಿದೆ, ವಿಟಮಿನ್ ಕೆ–1. ಆದರೆ ಬೇಗ ಗೊತ್ತಾಗಬೇಕು. ಇಡೀ ರಾತ್ರಿ ಊರು ಸುತ್ತುವ ಕೊತ್ತಿಗೆ ಏನಾಯಿತೆಂದು ಬೇಗ ಗೊತ್ತಾಗುವುದಾದರೂ ಹೇಗೆ?

ವಿಷ ಒಂದೇ ಅಲ್ಲ. 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚ್ 12ರಂದು ಉದ್ಘಾಟನೆಯಾಗಿ, ದೂರದ ವಾಹನಗಳು ಮದ್ದೂರು, ಮಂಡ್ಯದ ಹೊರಗಿನಿಂದಲೇ ಹೋಗುವಂತಾಯಿತು. ಆದರೆ ಬಡಾವಣೆಯ ತಿರುವಿನಲ್ಲಿ ಬೈಕಿನ ಭರಾಟೆ, ಕಬ್ಬು ಅರೆಯುವ ಕಾಲದಲ್ಲಿ ರಾತ್ರಿಯಿಡೀ ಟ್ರಾಕ್ಟರು ತಪ್ಪಿಲ್ಲ. ಹೆಡ್‌ಲೈಟು ಕಣ್ಣಿಗೆ ಬಡಿದರೆ ಕೊತ್ತಿ ಓಡುವುದಿಲ್ಲ, ನಿಂತುಬಿಡುತ್ತದೆ. ಇದರ ಮೇಲೆ ಬೀದಿನಾಯಿಗಳ ಹಿಂಡು, ಕಿವಿ ಹರಿಯುವ ಹಾಗೆ ಕಾದಾಡುವ ಮಾಳಬೆಕ್ಕು, ಆ ಗಾಯದಿಂದ ಬರುವ ಕೀವು.

ಹಳ್ಳಿ ಕಡೆ ಇನ್ನೊಂದು ಭಯ. ಕಬ್ಬು ಆಳೆತ್ತರ ಬೆಳೆದರೆ ಚಿರತೆಗೆ ಅದೂ ಕಾಡೇ. ಕಟಾವಿನ ಹೊತ್ತಿಗೆ ಗದ್ದೆಯ ನಡುವೆ ಚಿರತೆ ಮರಿ ಸಿಕ್ಕಿದ ಸುದ್ದಿ ನಮ್ಮ ಜಿಲ್ಲೆಗೆ ಹೊಸದಲ್ಲ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಕಡೆ ಕಾವೇರಿ ವನ್ಯಧಾಮದ ಕಾಡೇ ಇದೆ. ಹಿತ್ತಿಲಿಗೆ ಬಂದ ಚಿರತೆ ನಾಯಿಯನ್ನೇ ಹೊತ್ತೊಯ್ಯುತ್ತದೆ, ಕೊತ್ತಿ ಯಾವ ಲೆಕ್ಕ? ಬದುವಿನಲ್ಲಿ ಹಂದಿಗೆಂದು ಒಡ್ಡಿದ ಉರುಳಿಗೂ ಕುತ್ತಿಗೆ ಯಾರದೆಂಬ ಭೇದವಿಲ್ಲ.

ಕೊತ್ತಿಯೂ ಸಾಚಾ ಅಲ್ಲ

ಇಷ್ಟು ಹೇಳಿ ಕೊತ್ತಿಯನ್ನು ಬಡಪಾಯಿ ಮಾಡಿಬಿಟ್ಟರೆ ಅನ್ಯಾಯವಾಗುತ್ತದೆ. ಹೊಟ್ಟೆ ತುಂಬಿದ ಕೊತ್ತಿಯೂ ಬೇಟೆ ಬಿಡುವುದಿಲ್ಲ. ಸೂರಕ್ಕಿ, ಪಿಕಳಾರ, ಅಳಿಲುಮರಿ, ಓತಿಕ್ಯಾತ ಯಾವುದಾದರೂ ಸೈ. ನಮ್ಮ ಬೂದು ಕೊತ್ತಿಯೂ ಒಮ್ಮೆ ಪಕ್ಕದ ದಾಸವಾಳದ ಗಿಡದಿಂದ ಪಿಕಳಾರದ ಮರಿ ತಂದು ನನ್ನ ಕಾಲ ಬಳಿ ಇಟ್ಟು, ಶಭಾಷ್‌ಗಿರಿಗೆ ಕಾದು ಕೂತಿತ್ತು. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ ಕಡಿಮೆಯೆಂದರೂ 130 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅದರಲ್ಲಿ ಹೆಚ್ಚಿನ ಪಾಲು ಒಡೆಯರಿಲ್ಲದ ಬೆಕ್ಕುಗಳದು. ಜರ್ಮನಿಯ ವಾಲ್‌ಡಾರ್ಫ್ ಪಟ್ಟಣದ ಒಂದು ಭಾಗದಲ್ಲಿ 2022ರ ಆಗಸ್ಟ್ ಮುಗಿಯುವವರೆಗೆ ಬೆಕ್ಕನ್ನು ಹೊರಗೆ ಬಿಡುವಂತಿಲ್ಲ ಎಂದು ಆಡಳಿತ ಆದೇಶವನ್ನೇ ಹೊರಡಿಸಿತು. ನೆಲದಲ್ಲಿ ಗೂಡು ಮಾಡುವ, ಜುಟ್ಟಿನ ಒಂದು ಪುಟ್ಟ ಹಕ್ಕಿಯನ್ನು ಉಳಿಸಿಕೊಳ್ಳಲು. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ 2022ರ ಜುಲೈ 1ರಿಂದ ಈಚೆಗೆ ಹುಟ್ಟಿದ ಬೆಕ್ಕುಗಳೆಲ್ಲ ಒಡೆಯರ ಜಾಗದೊಳಗೇ ಇರಬೇಕು.

ಹಕ್ಕಿ ಉಳಿಸಿಕೊಳ್ಳುವ ಪಾಠ ಕೇಳಲು ನಾವು ಅಷ್ಟು ದೂರ ಹೋಗಬೇಕಿಲ್ಲ. ಮದ್ದೂರು ತಾಲ್ಲೂಕಿನಲ್ಲೇ ಕೊಕ್ಕರೆ ಬೆಳ್ಳೂರು ಇದೆ. ಊರ ನಡುವಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಅವನ್ನು ಕಾಣುತ್ತಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಗೂಡಿನಿಂದ ಜಾರಿ ನೆಲಕ್ಕೆ ಬಿದ್ದ ಹೆಜ್ಜಾರ್ಲೆ ಮರಿಯನ್ನು ನಾಯಿಯ ಬಾಯಿಗೆ ಬಿಡದೆ, ಬೇಲಿಯೊಳಗಿಟ್ಟು, ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಡುವ ಕೆಲಸವನ್ನು ಊರಿನ ಹುಡುಗರ ‘ಹೆಜ್ಜಾರ್ಲೆ ಬಳಗ’ ಮಾಡಿಕೊಂಡು ಬಂದಿದೆ. ಅಂಥ ಬೇಲಿಯನ್ನು ಅಲ್ಲಿ ಯಾರೂ ಜೈಲು ಎನ್ನಲಿಲ್ಲ. ಒಂದು ಜೀವ ನೆಲದ ಅಪಾಯದಿಂದ ಪಾರಾಗಲು ಬೇಕಾದ ಜಾಗ ಎಂದು ಅವರಿಗೆ ಗೊತ್ತಿತ್ತು.

ವೆಲ್ಡಿಂಗ್ ಅಂಗಡಿಯಲ್ಲಿ

ಬೂದು ಕೊತ್ತಿ ಹೋಗಿ ಆರು ತಿಂಗಳಿಗೆ ಮಗಳು ಇನ್ನೊಂದು ಮರಿ ತಂದಳು. ಈ ಸಲ ನಾನು ಮೊದಲು ವೆಲ್ಡಿಂಗ್ ಅಂಗಡಿಗೆ ಹೋದೆ.

“ಗೂಡು ಗಿಣಿಗಾ ಅಕ್ಕ, ಕೋಳಿಗಾ?”

“ಕೊತ್ತಿಗಪ್ಪ.”

ಹುಡುಗ ಕಪ್ಪು ಕನ್ನಡಕ ಹಣೆಗೇರಿಸಿ ನೋಡಿದ. “ಕೊತ್ತಿನ ಯಾರಾದ್ರೂ ಕೂಡಾಕ್ತಾರಾ? ಅದೇನ್ ಕುರಿನಾ, ದೊಡ್ಡಿಗೆ ಕೂಡಕ್ಕೆ?”

ಬೂದು ಕೊತ್ತಿಯ ಕತೆ ಹೇಳಿದೆ. ಅವನು ಟೇಪು ಹಿಡಿದು ಮನೆಗೆ ಬಂದ. ಅಳತೆ ಹೀಗಾಯಿತು: ಉದ್ದ ಹತ್ತಡಿ, ಅಗಲ ನಾಲ್ಕಡಿ, ಎತ್ತರ ಏಳಡಿ. ಒಂದು ಮಗ್ಗುಲಿಗೆ ಮನೆ ಗೋಡೆ ಇದ್ದೇ ಇದೆ, ಜಾಲರಿ ಬೇಕಾದ್ದು ಮೂರು ಮಗ್ಗುಲಿಗೆ ಮತ್ತು ಮೇಲಕ್ಕೆ. ಗೋಡೆಗಳಿಗೆ 126 ಚದರ ಅಡಿ, ಸೂರಿಗೆ 40. ಒಟ್ಟು 166. ನಾಲ್ಕಡಿ ಅಗಲದ ಜಾಲರಿಯಲ್ಲಿ ಲೆಕ್ಕ ಹಾಕಿದರೆ 42 ಅಡಿ; ಕತ್ತರಿಸುವುದರಲ್ಲಿ ಹೋಗುವುದನ್ನೂ ಸೇರಿಸಿ 50 ಅಡಿ ತಂದರೆ ಸಲೀಸು.

“ಮೇಲಕ್ಕೆ ಯಾಕಕ್ಕ? ಬುಡಿ, ದುಡ್ಡು ಉಳೀತದೆ” ಎಂದ. ಏಳಡಿ ಜಾಲರಿಯನ್ನು ಕೊತ್ತಿ ಏಣಿಯ ಹಾಗೆ ಹತ್ತುತ್ತದೆ. ಸೂರಿಲ್ಲದ ಗೂಡು ಕೊತ್ತಿಗೆ ಗೂಡೇ ಅಲ್ಲ.

ಜಾಲರಿಯಲ್ಲಿ ಜನ ಎಡವುವುದೇ ಹೆಚ್ಚು. ಆರು ಮೂಲೆಯ ಕೋಳಿ ಜಾಲರಿ ಅಗ್ಗ. ಆದರೆ ನಾಯಿ ಎರಡು ಸಲ ಕಾಲು ಕೊಟ್ಟು ಎಳೆದರೆ ಕಿತ್ತು ಬರುತ್ತದೆ. ಹುಳುಮನೆಯ ಕಿಟಕಿಗೆ ಹೊಡೆಯುವ ನೈಲಾನ್ ಬಲೆ ನಮ್ಮ ರೈತರ ಮನೆಗಳಲ್ಲಿ ಬೇಕಾದಷ್ಟು ಬಿದ್ದಿರುತ್ತದೆ. ಅದು ಬಂದದ್ದು ಊಜಿ ನೊಣ ತಡೆಯಲು. 1980ರಲ್ಲಿ ಬಂಗಾಳದಿಂದ ಕರ್ನಾಟಕಕ್ಕೆ ಕಾಲಿಟ್ಟು ರೇಷ್ಮೆ ಬೆಳೆಗಾರರ ನಿದ್ದೆಗೆಡಿಸಿದ ನೊಣ. ನೊಣಕ್ಕೆ ಸಾಕಾಗುವ ಬಲೆ ಕೊತ್ತಿಯ ಉಗುರಿಗೆ ಒಂದು ದಿನದ ಆಟ. ಬೇಕಾದ್ದು ಬೆಸುಗೆ ಹಾಕಿದ ಕಬ್ಬಿಣದ ಜಾಲರಿ, ಅಂಗಡಿಯವರು ಹೇಳುವ ವೆಲ್ಡ್ ಮೆಶ್. ಕಣ್ಣು ಒಂದು ಇಂಚು ಮೀರಬಾರದು. ಮರಿ ಇದ್ದರೆ ಅರ್ಧ ಇಂಚು. ತಲೆ ತೂರಿದ ಕಡೆ ಕೊತ್ತಿಯ ಮೈಯೂ ತೂರುತ್ತದೆ ಎಂಬುದು ನೆನಪಿರಲಿ.

ಮಿಕ್ಕದ್ದು ಸಣ್ಣಪುಟ್ಟ ಜಾಣ್ಮೆ. ಬಾಗಿಲು ಎರಡಿರಲಿ, ಒಂದರ ಹಿಂದೆ ಒಂದು, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಒಂದು ತೆರೆದಾಗ ಇನ್ನೊಂದು ಮುಚ್ಚಿರಬೇಕು. ಜಾಲರಿಯ ತುದಿ ಒಂದಡಿ ಮಣ್ಣಿನೊಳಗೆ ಹೋಗಲಿ, ಇಲ್ಲವೇ ನೆಲಕ್ಕೆ ಸಿಮೆಂಟು ಹಾಕಿಸಿ. ಬಿಲ ತೋಡಿಕೊಂಡು ಬರುವ ಹೆಗ್ಗಣದ ಹಿಂದೆಯೇ ಹಾವೂ ಬರುತ್ತದೆ. ಸೂರಿನ ಅರ್ಧ ಭಾಗಕ್ಕೆ ನೆರಳು ಕಡ್ಡಾಯ. ಏಪ್ರಿಲ್ ಬಿಸಿಲಿಗೆ ಬರೀ ತಗಡು ಹೊದಿಸಿದರೆ ಒಳಗೆ ಒಲೆ ಹಚ್ಚಿದಂತೆ. ಮದ್ದೂರಿನಲ್ಲಿ ಎಳನೀರಿಗೇ ದೊಡ್ಡ ಮಾರುಕಟ್ಟೆ ಇದೆ, ತೆಂಗಿನ ಗರಿಗೆ ನಮ್ಮಲ್ಲಿ ಬರವೇ? ಗರಿ ಹೆಣೆದು ಹೊದಿಸಿ, ವರ್ಷಕ್ಕೊಮ್ಮೆ ಬದಲಾಯಿಸಿ. ಕೊತ್ತಿ ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಟ್ಟರೆ ಬಿಸಿಲು ತಲೆಗೇರಿದೆ ಎಂದರ್ಥ. ಕೂಡಲೇ ಒಳಗೆ ತನ್ನಿ.

ಕುಪ್ಪಿಗಿಡದ ಮಹಿಮೆ

ಖಾಲಿ ಗೂಡು ಕೊತ್ತಿಗೆ ಖಾಲಿ ಕೋಣೆಯಷ್ಟೇ ಬೇಸರ. ಅದಕ್ಕೆ ಉದ್ದಗಲಕ್ಕಿಂತ ಎತ್ತರ ಮುಖ್ಯ. ಎರಡಡಿ, ನಾಲ್ಕಡಿ, ಐದಡಿ ಎತ್ತರಕ್ಕೆ ಒಂದೊಂದು ಹಲಗೆ ಹೊಡೆಸಿದೆವು. ಮೇಲಿನದು ರಸ್ತೆ ಕಾಣುವ ಹಾಗೆ. ಒಂದು ಗಳಕ್ಕೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿದ್ದೇ ತಡ, ಸೋಫಾಕ್ಕೆ ಉಗುರು ಹಾಕುವುದು ನಿಂತಿತು. ಒಂದು ಮೂಲೆಗೆ ಮರಳಿನ ತಟ್ಟೆ, ಅದರಿಂದ ದೂರಕ್ಕೆ ಮಣ್ಣಿನ ಬಟ್ಟಲಲ್ಲಿ ನೀರು, ಕುಂಡದಲ್ಲಿ ಗರಿಕೆ.

ಗಿಡದ ಆಯ್ಕೆಯಲ್ಲಿ ಎಚ್ಚರ ಬೇಕು. ಕಣಗಿಲೆ ವಿಷ. ಲಿಲ್ಲಿ ಹೂವಿನ ಪುಡಿ ಮೈಗೆ ಅಂಟಿ, ನೆಕ್ಕಿಕೊಂಡರೂ ಕೊತ್ತಿಯ ಮೂತ್ರಪಿಂಡ ಕೈಕೊಡುತ್ತದೆ. ಮನಿ ಪ್ಲಾಂಟ್ ಅಗಿದರೆ ಬಾಯಿ ಉರಿ. ಇವಕ್ಕಿಂತ ಹೆಚ್ಚಾಗಿ ಹೇಳಬೇಕಾದ್ದು ಫಿನಾಯಿಲ್ ವಿಷಯ. ಗೂಡು ತೊಳೆಯಲು ನಾವು ಮೊದಲು ಕೈ ಹಾಕುವುದೇ ಅದಕ್ಕೆ. ಅದರಲ್ಲಿನ ರಾಸಾಯನಿಕವನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕಿಲ್ಲ. ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೆ ಸಾಕು, ಅಪಾಯ. ಸೋಪಿನ ನೀರೇ ಸರಿ.

ಖುಷಿಯ ವಿಷಯವೂ ಒಂದಿದೆ. ನಮ್ಮ ಕಡೆ ಪಾಳು ಜಾಗದಲ್ಲಿ, ತಿಪ್ಪೆಯ ಅಂಚಿನಲ್ಲಿ ತಾನಾಗೇ ಹುಟ್ಟುವ ಕುಪ್ಪಿಗಿಡವನ್ನು ಬೇರು ಸಮೇತ ಕಿತ್ತು ಕೊತ್ತಿಯ ಮುಂದೆ ಹಾಕಿ ನೋಡಿ. ನಮ್ಮದು ಮೊದಲು ಮೂಸಿತು. ಒಂದು ಕ್ಷಣ ಸುಮ್ಮನೆ ನಿಂತಿತು. ಆಮೇಲೆ ಬೇರಿಗೆ ಕೆನ್ನೆ ಉಜ್ಜಿ, ನೆಕ್ಕಿ, ಬೆನ್ನ ಮೇಲೆ ಉರುಳಿ, ನಾಲ್ಕು ಕಾಲೂ ಮೇಲೆ ಮಾಡಿ, ಜೊಲ್ಲು ಸುರಿಸಿಕೊಂಡು ಹೊರಳಾಡಿದ್ದೇ ಹೊರಳಾಡಿದ್ದು. ಕಾಂಪೌಂಡಿನಾಚೆಯಿಂದ ನೋಡುತ್ತಿದ್ದ ಪಕ್ಕದ ಮನೆಯ ಅಜ್ಜಿ, “ಅಯ್ಯೋ, ಕುಡ್ದೋರಂಗೆ ಆಡ್ತದಲ್ಲವ್ವಾ!” ಎಂದು ಬಾಯಿ ಮೇಲೆ ಕೈಯಿಟ್ಟರು. ಹೊರದೇಶದವರು ಇದೇ ಮೋಜಿಗೆ ಕ್ಯಾಟ್‌ನಿಪ್ ಎಂಬ ಸೊಪ್ಪನ್ನು ಪೊಟ್ಟಣದಲ್ಲಿ ಕೊಳ್ಳುತ್ತಾರೆ. ನಮಗೆ ತಿಪ್ಪೆಯೇ ಕೊಡುತ್ತದೆ.

ಗೂಡು ಜೈಲಾಗಬಾರದು

ಹಾಗೆಂದು ಒಂದು ಮೂಲೆಯಲ್ಲಿ ಗಿಣಿಪಂಜರದಂಥ ಗೂಡಿಟ್ಟು, ಹಗಲೂ ರಾತ್ರಿ ಕೂಡಿಹಾಕುವುದು ಸಾಕುವುದಲ್ಲ, ಹಿಂಸೆ. ಕಾನೂನೂ ಹಾಗೇ ಹೇಳುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ, ಓಡಾಡಲು ಸಾಕಷ್ಟು ಉದ್ದ, ಅಗಲ, ಎತ್ತರ ಇಲ್ಲದ ಗೂಡಿನಲ್ಲಿ ಪ್ರಾಣಿಯನ್ನು ಇಡುವುದು ಅಪರಾಧ. ಜಾಲರಿ ಮನೆಗೆ ಮನೆಯೊಳಗಿನಿಂದ ಒಂದು ದಾರಿ ಇರಬೇಕು, ಬರುವುದು ಹೋಗುವುದು ಕೊತ್ತಿಯ ಇಷ್ಟಕ್ಕೆ ಬಿಟ್ಟದ್ದಾಗಿರಬೇಕು. ನಮ್ಮಲ್ಲಿ ಕಿಟಕಿಯ ಒಂದು ಸರಳು ತೆಗೆಸಿದ್ದೇ ಆ ದಾರಿ. ಮೊದಲ ವಾರ ಕೊತ್ತಿ ಅತ್ತ ತಲೆ ಹಾಕಲಿಲ್ಲ. ಒಳಗಿನ ಹಲಗೆಯ ಮೇಲೆ ಮೀನಿನ ತುಂಡು ಇಟ್ಟ ದಿನದಿಂದ ಅದೇ ಅದರ ಅರಮನೆ.

ಬಾಡಿಗೆ ಮನೆಯವರು ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಅವರು ಬಾಲ್ಕನಿಗೋ ಒಂದೇ ಒಂದು ಕಿಟಕಿಗೋ ಬಿಚ್ಚಿ ಒಯ್ಯುವಂಥ ಚೌಕಟ್ಟು ಮಾಡಿಸಿಕೊಳ್ಳಬಹುದು. ಹಳ್ಳಿಯಲ್ಲಿ ಹಳೆ ಕೋಳಿಗೂಡೋ, ಹುಳು ಸಾಕುವುದು ಬಿಟ್ಟ ಹುಳುಮನೆಯ ಜಗಲಿಯೋ ಇದ್ದರೆ ಅರ್ಧ ಕೆಲಸ ಆಗಿಯೇ ಇದೆ. ಆದರೆ ಯಾವ ಜಾಲರಿಯೂ ಚಿರತೆಗೆ ತಡೆಯಲ್ಲ. ಕಬ್ಬಿನ ಗದ್ದೆ ಪಕ್ಕದವರು ಕತ್ತಲಾಗುವ ಮುಂಚೆ ಕೊತ್ತಿಯನ್ನು ಗೋಡೆಯೊಳಕ್ಕೆ ತಂದುಕೊಳ್ಳಲೇಬೇಕು. ಕಟಾವಿನಲ್ಲಿ ಸಿಕ್ಕಿದ ಬೆಕ್ಕಿನಂಥ ಮರಿಗಳನ್ನು ಸಾಕಲು ತರಬೇಡಿ. ಅವು ಕಾಡುಬೆಕ್ಕಿನವು ಇರಬಹುದು, ವನ್ಯಜೀವಿ ಕಾಯ್ದೆಯ ರಕ್ಷಣೆ ಅವಕ್ಕಿದೆ. ಇದ್ದಲ್ಲೇ ಬಿಟ್ಟು ದೂರ ಸರಿದರೆ ತಾಯಿ ಬಂದು ಒಯ್ಯುತ್ತದೆ.

ಗೂಡು ಕಟ್ಟಿಸಿದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ಮೂರು ತಿಂಗಳು ತುಂಬಿದ ಮೇಲೆ ಹುಚ್ಚುರೋಗದ ಲಸಿಕೆ, ಆಮೇಲೆ ವರ್ಷವರ್ಷವೂ. ಹುಚ್ಚು ನಾಯಿಯಿಂದಲೇ ಬರಬೇಕೆಂದಿಲ್ಲ, ಬೆಕ್ಕಿನ ಕಡಿತದಿಂದಲೂ ಬರುತ್ತದೆ. ಹೆಣ್ಣು ಕೊತ್ತಿ ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ, ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ. ಮರಿ ಕಚ್ಚಿಕೊಂಡು ಏಳು ಮನೆ ತಿರುಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈಗ ಅದಕ್ಕೆ ಬಾಗಿಲು ತೆರೆಯುವ ಏಳು ಮನೆ ಎಲ್ಲಿವೆ? ಸಂತಾನಹರಣ ಚಿಕಿತ್ಸೆ ಮಾಡಿಸಿದ ಕೊತ್ತಿ ಹೊರಗೆ ಓಡುವ ಹಂಬಲವನ್ನೂ ಅರ್ಧ ಬಿಡುತ್ತದೆ.

ನಮ್ಮ ಜಾಲರಿ ಮನೆಗೆ ಈಗ ಒಂದೂವರೆ ವರ್ಷ. ಬಾಗಿಲ ಹಿಂಜಿಗೆ ತುಕ್ಕು ಹಿಡಿದಿದೆ, ತೆಂಗಿನ ಗರಿ ಒಮ್ಮೆ ಬದಲಾಗಿದೆ, ದಾಸವಾಳದ ಗಿಡದಲ್ಲಿ ಪಿಕಳಾರ ಎರಡು ಸಲ ಮರಿ ಮಾಡಿದೆ. ಕೊತ್ತಿ ಮೇಲಿನ ಹಲಗೆಯಲ್ಲಿ ಕೂತು ಅದನ್ನೇ ದಿಟ್ಟಿಸುತ್ತದೆ, ಬಾಲ ಆಡಿಸುತ್ತದೆ, ಆಮೇಲೆ ನಿದ್ದೆ ಹೋಗುತ್ತದೆ.

ಹತ್ತಡಿ ಜಾಗ ಎಲ್ಲರಿಗೂ ಇರುವುದಿಲ್ಲ, ಗೊತ್ತು. ಆದರೆ ಸಂಜೆ ಎಲ್ಲರಿಗೂ ಇದೆ. ದೀಪ ಹಚ್ಚುವ ಮುಂಚೆ ಹಸು ಬಂತಾ, ಕೋಳಿ ಬಂತಾ ಎಂದು ಎಣಿಸುತ್ತಿದ್ದ ಅಜ್ಜಿ ಕೊತ್ತಿಯನ್ನು ಮಾತ್ರ ಆ ಲೆಕ್ಕಕ್ಕೆ ಸೇರಿಸಲಿಲ್ಲ. ಆಗ ಅದು ನಡೆಯಿತು, ಈಗ ನಡೆಯುವುದಿಲ್ಲ. ಇವತ್ತು ಸಂಜೆ ನಿಮ್ಮ ಮನೆಯಲ್ಲೂ ಒಮ್ಮೆ ಎಣಿಸಿ. ಕೊತ್ತಿ ಬಂತಾ ನೋಡಿ, ಆಮೇಲೆ ಚಿಲಕ ಹಾಕಿ.